ಇಟಲಿ ಬಿಳಿಗೆ ಹೆರಳೆಕಾಯಿ ಗೊಜ್ಜು

ಅವರೆಕಾಯಿ ಸುಗ್ಗಿ ಶುರುವಾದ ವಾರ ನಮ್ಮ ವೈನ್ ಕಂಪನಿಯ ಯಜಮಾನರು ಅಡುಗೆಮನೆಗೆ ಬಂದು ಒಲೆಯ ಪಕ್ಕದ ಕಟ್ಟೆಯ ಮೇಲೆ ಒಂದು ಬಾಟಲಿ ಇಟ್ಟರು.

"ಇದಕ್ಕೆ ಹೊಂದೋ ಹಾಗೆ ಒಂದು ಊಟ ಆಗ್ಬೇಕು ಕಣಮ್ಮ. ಪನೀರು, ಗೋಬಿ ಅದೆಲ್ಲ ಬೇಡ. ನಮ್ಮ ಸೀಮೆ ಊಟ, ಸಸ್ಯಾಹಾರ. ಮೂರು ವಾರ ಟೈಮಿದೆ. ಬೆಂಗಳೂರಿನ ಹೋಟೆಲಿನವರು ಬರ್ತಾರೆ."

ಬಾಟಲಿಯಲ್ಲಿದ್ದುದು ವೆರ್ದಿಕ್ಕಿಯೊ ಎಂಬ ಇಟಲಿಯ ದ್ರಾಕ್ಷಿಯ ಬಿಳಿ ವೈನ್. ಆ ಹೆಸರು ಕಂಪನಿಯಲ್ಲಿ ಯಾರ ಬಾಯಲ್ಲೂ ನಿಲ್ಲದೆ ಎಲ್ಲರಿಗೂ ಅದು 'ಇಟಲಿ ಬಿಳಿ' ಆಗಿತ್ತು. ಕಂಪನಿಗೆ ಅದನ್ನು ಬೆಳೆದುಕೊಟ್ಟವರು ಒಬ್ಬರೇ, ಮೇಲೂರಿನ ರೈತರು. ರೇಷ್ಮೆಗೆಂದು ಹಾಕಿದ್ದ ಹಿಪ್ಪುನೇರಳೆಯನ್ನು ಕಿತ್ತು, ದ್ರಾಕ್ಷಿಯ ಬೇರುಗಿಡ ನೆಟ್ಟು, ಅದಕ್ಕೆ ಕಂಪನಿ ಕೊಟ್ಟ ಕಡ್ಡಿಗಳನ್ನು ಕಸಿ ಕಟ್ಟಿ, ಮೂರು ವರ್ಷ ಕಾದು ಹಣ್ಣು ಕೊಟ್ಟಿದ್ದರು. ಹೋಟೆಲಿನವರು ಆ ವೈನ್ ಕೊಳ್ಳಲು ಒಪ್ಪಿದರೆ ಆ ತೋಟ ಉಳಿಯುತ್ತದೆ, ಇಲ್ಲದಿದ್ದರೆ ಕಂಪನಿ ಆ ದ್ರಾಕ್ಷಿಯನ್ನೇ ಬಿಡುತ್ತದೆ ಎಂದು ಯಜಮಾನರು ಹೋಗುವಾಗ ಹೇಳಿದರು. ಬಸ್ಸಿನ ಟೈಮ್ ಹೇಳುವಷ್ಟೇ ಸಲೀಸಾಗಿ ಹೇಳಿದರು.

ನಾನು ಚಿಕ್ಕಬಳ್ಳಾಪುರದಲ್ಲಿ ಮೇಷ್ಟ್ರುಗಳಿಗೂ ಗುಮಾಸ್ತರಿಗೂ ಊಟದ ಮೆಸ್ಸು ನಡೆಸಿ, ಆಮೇಲೆ ಈ ಕಂಪನಿಯ ಅಡುಗೆಮನೆಗೆ ಬಂದವಳು. ಕೈ ಕಲಿತದ್ದು ಅತ್ತೆಯ ಬಳಿ. ಅತ್ತೆಯ ಒಲೆಯ ಮುಂದೆ ಒಂದು ಕಟ್ಟುಪಾಡು: ಮಾಡುವವಳು ರುಚಿ ನೋಡಕೂಡದು. ದೇವರಿಗೆ ಎಡೆ ಇಡುವ ಮೊದಲು ನಾಲಿಗೆಗೆ ಸೋಂಕಿದರೆ ಇಡೀ ಪಾತ್ರೆ ಎಂಜಲು. ಉಪ್ಪು ಹೆಚ್ಚೋ ಕಡಿಮೆಯೋ ಎಂಬುದನ್ನು ಆವಿಯಲ್ಲೇ ತಿಳಿಯಬೇಕು. ನಂಬದವರು ನಗಲಿ, ಉಪ್ಪು ಬಿದ್ದ ಸಾರಿನ ಆವಿಗೂ ಬೀಳದ ಸಾರಿನ ಆವಿಗೂ ವ್ಯತ್ಯಾಸವಿದೆ. ಮೂವತ್ತು ವರ್ಷ ಹಾಗೇ ಮಾಡಿದೆ, ಒಬ್ಬರೂ ಉಪ್ಪಿನ ಬಟ್ಟಲು ಕೇಳಲಿಲ್ಲ. ವೈನಂತೂ ಬಾಯಿಗೇ ಇಟ್ಟವಳಲ್ಲ. 'ಹೆಂಡದ ಕಂಪನೀಲಿ ಅಡುಗೆ ಮಾಡ್ತಾಳಂತೆ' ಎಂದು ನೆಂಟರು ಆಡಿಕೊಳ್ಳುವುದನ್ನು ಕೇಳಿಯೂ ಕೇಳಿಸದ ಹಾಗೆ ಇದ್ದೆ.

ಇಂಥವಳಿಗೆ ಈ ಕೆಲಸ. ಕಂಪನಿಗೆ ವರ್ಷಕ್ಕೊಮ್ಮೆ ಬಂದು ಹೋಗುವ ಇಟಲಿಯ ಸಲಹೆಗಾರರೊಬ್ಬರು ಫೋನಿನಲ್ಲಿ ವಿಧಾನ ತಿಳಿಸಿದರು: ಒಂದು ತುತ್ತು ಊಟ, ಒಂದು ಗುಟುಕು ವೈನ್, ಮತ್ತೆ ಅದೇ ಊಟ, ನುಂಗದೆ ಉಗಿಯಿರಿ. ಅವರ ಇಂಗ್ಲಿಷನ್ನು ನನಗೆ ತಿಳಿಯಹೇಳಿದವಳು ಲ್ಯಾಬಿನ ಹೆಣ್ಣುಮಗಳು. ಶಿಡ್ಲಘಟ್ಟದವಳು, ಮನೆಯವರದು ರೇಷ್ಮೆ ನೂಲಿನ ವ್ಯಾಪಾರ, ಮನೆಮಾತು ಉರ್ದು. ಅವಳೂ ವೈನ್ ಮುಟ್ಟುವುದಿಲ್ಲ. ಪಿಪೆಟ್ಟಿನಲ್ಲಿ ತೆಗೆದು, ಅಳೆದು, ಬರೆದಿಡುತ್ತಾಳೆ.

"ಅಕ್ಕಾ, ನಾವಿಬ್ರೂ ಕುಡಿಯಲ್ಲ. ಯಾರು ಉಗಿಯೋದು?" ಎಂದು ನಕ್ಕಳು.

ಕೊನೆಗೆ ನಾಲಿಗೆಯನ್ನು ಮೇಲೂರಿನಿಂದ ತರಿಸಿದೆವು. ಬೆಳೆದವರೇ ರುಚಿ ನೋಡಲಿ ಎಂದು ರೈತರಿಗೆ ಫೋನ್ ಮಾಡಿದೆ. ಮಾರನೆಯ ಬೆಳಿಗ್ಗೆ ಹತ್ತಕ್ಕೆ ಬೈಕಿನಲ್ಲಿ ಬಂದಿಳಿದರು. ನನಗಿಂತ ನಾಲ್ಕಾರು ವರ್ಷ ಹಿರಿಯರು, ಅಣ್ಣ ಎಂದೇ ಕರೆದೆ. ಉಗಿಯಲು ಪಾತ್ರೆ ಇಟ್ಟರೆ ಅವರಿಗೆ ಸಿಟ್ಟೇ ಬಂತು.

"ಉಗಿಯಾಕೆ ಬೆಳುದ್ನೇನಮ್ಮ? ಒಂದೊಂದು ಗುಟುಕೇ ತಾನೆ. ಸರಿ, ಸುರು ಮಾಡಣ."

ಹೀಗೆ ಮೂಗು ನನ್ನದು, ಲೆಕ್ಕ ಲ್ಯಾಬಿನವಳದು, ನಾಲಿಗೆ ಅವರದು. ದಿನವೂ ಒಂದು ಬಾಟಲಿ ತೆಗೆದು ಮೊದಲು ತಣ್ಣಗೆ ಮೂಸುತ್ತಿದ್ದೆ, ಅರ್ಧ ಗಂಟೆ ಹೊರಗಿಟ್ಟು ಮತ್ತೆ ಮೂಸುತ್ತಿದ್ದೆ. ತಣ್ಣಗಿದ್ದಾಗ ನಿಂಬೆ ಸಿಪ್ಪೆ ಮತ್ತು ಎಳೆಯ ಸೇಬು. ಬಿಸಿಲಿಗೆ ಸ್ವಲ್ಪ ಕಾದ ಮೇಲೆ ಸೋಂಪು, ಆಮೇಲೆ ಸಿಪ್ಪೆ ಸುಲಿದ ಬಾದಾಮಿ. ಕೊನೆಯಲ್ಲಿ ನಾಲಿಗೆಯ ಹಿಂದೆ ಒಂದು ಕಹಿ ನಿಲ್ಲುತ್ತದೆ, ಅದು ಈ ದ್ರಾಕ್ಷಿಯ ಹುಟ್ಟುಗುಣ ಎಂದು ಸಲಹೆಗಾರರು ಹೇಳಿದ್ದರು. ರೈತರೂ ಅದನ್ನೇ ಹೇಳಿದರು: "ಬೇವಿನ ಕಡ್ಡಿ ಅಗುದ್ ಮ್ಯಾಲೆ ಉಳಿತದಲ್ಲ, ಅಂಗೆ. ಆದ್ರೆ ಚೆಂದಾಗೈತೆ."

ಮೊದಲ ವಾರ ಎಲ್ಲವೂ ಕೆಟ್ಟಿತು. ಬಸ್ಸಾರು ಮಾಡಿದೆ, ಖಾರಕ್ಕೆ ವೈನ್ ಸೇರಿ ಗಂಟಲು ಉರಿಯಿತೆಂದರು. ಹಿತಕಿದ ಅವರೆಬೇಳೆಯ ಸಾರನ್ನು ಮನೆಯಲ್ಲಿ ಮಾಡುವ ಹಾಗೆಯೇ ಒಣಮೆಣಸಿನಕಾಯಿ, ಇಂಗು ಹಾಕಿ ಕೊಟ್ಟೆ. ಒಂದು ಗುಟುಕಿಗೇ ಮುಖ ಕಿವುಚಿದರು.

"ಬಾಯಾಗೆ ತಗಡು ಇಟ್ಕಂಡಂಗೆ ಆಯ್ತದೆ ಕಣಮ್ಮ."

ಸಿಹಿ ಹೋಳಿಗೆ ಜೊತೆ ವೈನ್ ಬರೀ ಹುಳಿ ನೀರಾಯಿತು. ಲ್ಯಾಬಿನವಳು ಅದರ ಕಾರಣ ತಿಳಿಸಿದಳು: ಊಟದಲ್ಲಿ ಸಿಹಿ ಇದ್ದರೆ ವೈನಿನ ಹುಳಿ ಎದ್ದು ಕಾಣುತ್ತದೆ, ಊಟವೇ ಹುಳಿಯಾಗಿದ್ದರೆ ವೈನಿನ ಹುಳಿ ಮರೆಯಾಗುತ್ತದೆ. ಕೇಳಿ ಸುಮ್ಮನೆ ತಲೆಯಾಡಿಸಿದೆ. ಆ ಮಾತು ಅಷ್ಟು ಬೇಗ ಕೆಲಸಕ್ಕೆ ಬರುತ್ತದೆಂದು ಯಾರಿಗೆ ಗೊತ್ತಿತ್ತು.

ದಾರಿ ಸಿಕ್ಕಿದ್ದು ಮತ್ತೊಂದು ಫೋನಿನಲ್ಲಿ. ನಿಮ್ಮ ಊರಿನವರು ಇದರ ಜೊತೆ ಏನು ತಿನ್ನುತ್ತಾರೆ ಎಂದು ಲ್ಯಾಬಿನವಳಿಂದ ಸಲಹೆಗಾರರನ್ನು ಕೇಳಿಸಿದೆ. ಕರಿದ ಆಲಿವ್ ಕಾಯಿ, ಸಮುದ್ರದ ಮೀನು, ಕಾಡು ಸೋಂಪಿನ ಸೊಪ್ಪು ತುಂಬಿ ಬೇಯಿಸಿದ ಮೊಲದ ಮಾಂಸ ಎಂದರು. ಮೀನು, ಮೊಲ ನನಗೆ ಬೇಡ. ಸೋಂಪಿನ ಸೊಪ್ಪು ಎಂದ ಕೂಡಲೇ ನನ್ನ ಮೂಗಿಗೆ ಸಬ್ಬಸಿಗೆ ಬಂತು. ಎರಡೂ ಹತ್ತಿರದ ನೆಂಟರೇ.

ಮಾರನೆಯ ದಿನ ಪೆರೇಸಂದ್ರದ ಕಡೆಯಿಂದ ಬಂದ ಎಳೆಯ ಸಬ್ಬಸಿಗೆಯನ್ನು ಸಣ್ಣಗೆ ಹೆಚ್ಚಿ, ತೊಗರಿಬೇಳೆ ನೆನೆಸಿ ತರಿತರಿಯಾಗಿ ರುಬ್ಬಿ, ತೆಂಗಿನತುರಿ ಬೆರೆಸಿ ನುಚ್ಚಿನುಂಡೆ ಕಟ್ಟಿದೆ. ಹಸಿಮೆಣಸಿನಕಾಯಿಯ ಬೀಜ ತೆಗೆದು ಸಿಪ್ಪೆ ಮಾತ್ರ ಹಾಕಿದೆ. ಹಬೆಯಲ್ಲಿ ಬೇಯಿಸಿ, ಮೇಲೊಂದು ಮಿಳ್ಳೆ ತುಪ್ಪ. ಪಕ್ಕಕ್ಕೆ ಹಿತಕಿದ ಬೇಳೆ, ಈ ಸಲ ಇಂಗಿಲ್ಲ, ಹುಳಿಯಿಲ್ಲ, ತೆಂಗಿನ ಹಾಲಿನಲ್ಲಿ ಬೆಂದದ್ದು. ಇಬ್ಬನಿ ಬಿದ್ದ ಅವರೆಯ ಸೊಗಡು ಹೋಗಬಾರದೆಂದು ಒಗ್ಗರಣೆಯನ್ನೂ ಹಾಕಲಿಲ್ಲ. ರೈತರು ಉಂಡೆ ಮುರಿದು ತಿಂದು, ಗುಟುಕು ಕುಡಿದು, ಮತ್ತೆ ಉಂಡೆ ತಿಂದು, ಲೋಟವನ್ನು ಬೆಳಕಿಗೆ ಹಿಡಿದು ನೋಡಿದರು.

"ಏನಣ್ಣ, ಕೆಟ್ಟಿತಾ?"

"ಇಲ್ಲಮ್ಮ. ಈಗ ನನ್ ತೋಟ ಗೊತ್ತಾಯ್ತಾ ಐತೆ. ಸೊಪ್ಪು ತಿಂದ್ ಮ್ಯಾಲೆ ಹಣ್ಣು ಎದ್ ಬತ್ತಾ ಐತೆ ನೋಡಿ."

ಆ ದಿನದಷ್ಟು ಸಂತೋಷ ಆ ಕಂಪನಿಯಲ್ಲಿ ನನಗೆ ಇನ್ಯಾವತ್ತೂ ಆಗಿಲ್ಲ. ಯಜಮಾನರಿಗೆ ತಿಳಿಸಿದೆವು. ಊಟದ ದಿನ ರೈತರನ್ನೂ ಮೇಜಿಗೆ ಕೂರಿಸೋಣ, ಬೆಳೆದವರನ್ನು ನೋಡಿದರೆ ಹೋಟೆಲಿನವರಿಗೆ ಖುಷಿ ಎಂದರು. ರೈತರು ಬಿಳಿ ಶರ್ಟು ಇಸ್ತ್ರಿಗೆ ಕೊಟ್ಟ ಸುದ್ದಿ ಅವರ ಹೆಂಡತಿಯಿಂದಲೇ ನನಗೆ ಗೊತ್ತಾಯಿತು.

ಊಟಕ್ಕೆ ನಾಲ್ಕು ದಿನವಿದ್ದಾಗ ಬಾಟಲಿಗಳ ಪೆಟ್ಟಿಗೆಗಳು ಅಡುಗೆಮನೆಗೆ ಬಂದವು. ಒಂದನ್ನು ತೆಗೆದು ಮೂಸಿದೆ. ನಿಂಬೆ ಇರಲಿಲ್ಲ, ಸೇಬೂ ಇರಲಿಲ್ಲ. ಉಗುರಿನ ಬಣ್ಣ ಅಳಿಸುವ ದ್ರಾವಣದ ವಾಸನೆ, ಅದರ ಕೆಳಗೆ ಹಳೆಯ ಉಪ್ಪಿನಕಾಯಿ ಜಾಡಿಯ ಮುಚ್ಚಳದ ಘಾಟು. ಇನ್ನೊಂದು ತೆಗೆದೆ. ಅದೂ ಹಾಗೆಯೇ. ಲ್ಯಾಬಿನವಳು ಬಂದು ಒಂದು ಬಾಟಲಿ ಎತ್ತಿಕೊಂಡು ಹೋದಳು. ಮಧ್ಯಾಹ್ನ ಮುಖ ಸಣ್ಣದು ಮಾಡಿಕೊಂಡು ವಾಪಸು ಬಂದಳು.

"ವಿನೆಗರ್ ಆಗೋಕೆ ಹೊರಟಿದೆ ಅಕ್ಕಾ. ಇದು ಎರಡನೇ ಟ್ಯಾಂಕಿನ ಮಾಲು. ದಸರಾ ರಜದಲ್ಲಿ ಟ್ಯಾಂಕು ಅರ್ಧ ಖಾಲಿ ಇತ್ತು, ಗಾಳಿ ತಾಗದ ಹಾಗೆ ಮೇಲೆ ಗ್ಯಾಸ್ ತುಂಬಿಸಿರಲಿಲ್ಲ. ಗಾಳಿ ಆಡಿದೆ. ನಾನು ಆಗ್ಲೇ ಬರೆದು ಕೊಟ್ಟಿದ್ದೆ."

ನಾವು ಅಲ್ಲಿಯವರೆಗೆ ಪರೀಕ್ಷೆ ಮಾಡಿದ್ದು ಮೊದಲ ಟ್ಯಾಂಕಿನ ಬಾಟಲಿಗಳಲ್ಲಿ. ನಮಗೆ ಕೊಟ್ಟವು ಮುಗಿದಿದ್ದವು, ಉಳಿದವು ಗೋವಾದ ಯಾವುದೋ ಪ್ರದರ್ಶನಕ್ಕೆ ಹೋಗಿದ್ದವು. ಸೆಲ್ಲಾರಿನ ಮ್ಯಾನೇಜರನ್ನು ಕರೆಸಿದೆ. ಟ್ಯಾಂಕುಗಳ ಜವಾಬ್ದಾರಿ ಅವರದೇ. ಬಂದು, ಮೂಸಿ, ಕಿಟಕಿಯ ಕಡೆ ತಿರುಗಿ ನಿಂತರು.

"ಐಸಿನಲ್ಲಿ ಚೆನ್ನಾಗಿ ಕೊರೆಸಿ ಕೊಟ್ರೆ ವಾಸನೆ ಅಷ್ಟು ಏಳಲ್ಲ ಮೇಡಂ. ಮಿಕ್ಕಿದ್ದು ನಿಮ್ಮ ಕೈಲಿದೆ. ಊಟ ಸ್ವಲ್ಪ ಹುಳಿ ಮಾಡಿ. ನಿಮ್ಮ ಮೂಗಿಗೆ ಗೊತ್ತಾಗದೇ ಇರೋದು ಏನಿದೆ?"

"ಯಜಮಾನ್ರಿಗೆ ಹೇಳಿಬಿಡಣ," ಎಂದೆ.

"ಹೇಳಿ. ಊಟ ನಿಲ್ತದೆ, ಹೋಟೆಲಿನವರು ಇನ್ನೊಂದು ಸಲ ಬರಲ್ಲ. ಮೇಲೂರಿನವರ ತೋಟದ ಕಥೆ ಅಲ್ಲಿಗೆ ಮುಗೀತು. ಆಮೇಲೆ ನನ್ನ ಬಯ್ಯಬೇಡಿ."

ಮನುಷ್ಯ ತನ್ನ ತಪ್ಪನ್ನು ರೈತರ ತೋಟದ ಬೇಲಿಗೆ ಕಟ್ಟಿ ನಿಲ್ಲಿಸಿದ. ನನಗೆ ಅದು ಅರ್ಥವಾಗಲಿಲ್ಲವೆಂದರೆ ಸುಳ್ಳಾಗುತ್ತದೆ. ಅರ್ಥವಾಯಿತು, ಆದರೂ ಹೆದರಿದೆ. ಆ ರಾತ್ರಿ ಬೆಳಗಾಗುವಷ್ಟರಲ್ಲಿ ಒಂದು ಊಟವನ್ನು ಕೆಡವಿ ಇನ್ನೊಂದನ್ನು ಮನಸ್ಸಿನಲ್ಲಿ ಕಟ್ಟಿದ್ದೆ.

ನುಚ್ಚಿನುಂಡೆ ಬಿಟ್ಟೆ. ಅದರ ಮುಂದೆ ಆ ವೈನ್ ಇಟ್ಟರೆ ಕಳ್ಳನನ್ನು ದೀಪದ ಕೆಳಗೆ ನಿಲ್ಲಿಸಿದ ಹಾಗೆ. ಹೆರಳೆಕಾಯಿ ತರಿಸಿದೆ. ಸಿಪ್ಪೆ ಸಮೇತ ಹೆಚ್ಚಿ, ಎಳ್ಳು ಹುರಿದು ಪುಡಿ ಮಾಡಿ, ಹುಣಸೆಹಣ್ಣಿನ ಗಟ್ಟಿ ರಸದಲ್ಲಿ ಕುದಿಸಿದೆ. ಗೊಜ್ಜು ಎಂದರೆ ಬೆಲ್ಲ ಬೇಕೇ ಬೇಕು. ನಾನು ಒಂದು ಚೂರು ಬೆಲ್ಲವನ್ನೂ ಹಾಕಲಿಲ್ಲ, ಸಿಹಿ ಬಂದರೆ ವೈನ್ ಬಯಲಿಗೆ ಬರುತ್ತದೆ. ಉಪ್ಪನ್ನು ಒಂದು ಹಿಡಿ ಮುಂದಕ್ಕೇ ಹಾಕಿದೆ. ಹೆರಳೆ ಸಿಪ್ಪೆಯ ಕಹಿ ವೈನಿನ ಕಹಿಯನ್ನು ನುಂಗುತ್ತದೆ, ಹುಳಿ ಘಾಟನ್ನು ನುಂಗುತ್ತದೆ. ಜೊತೆಗೆ ಬೆಳ್ಳುಳ್ಳಿ ಹಾಕಿದ ಅಂಬೊಡೆ, ಹುಳಿ ಮೊಸರಿನ ಮಜ್ಜಿಗೆಹುಳಿ.

ಹುಸಿ ಊಟಕ್ಕೆ ಆವಿ ನಂಬಿಕೊಂಡು ಕೂರಲು ಧೈರ್ಯ ಬರಲಿಲ್ಲ. ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡೆ. ಒಂದು ಬೆರಳು ಗೊಜ್ಜು ನಾಲಿಗೆಗೆ ಇಟ್ಟೆ. ಆಮೇಲೆ ಒಂದು ಗುಟುಕು ವೈನ್. ಆಮೇಲೆ ಮತ್ತೆ ಗೊಜ್ಜು. ವೈನ್ ಸಿಹಿಯಾಗಿತ್ತು, ನುಣ್ಣಗಿತ್ತು, ಯಾವ ದೋಷವೂ ಇರಲಿಲ್ಲ. ಸಿಂಕಿಗೆ ಉಗಿದು ಬಾಯಿ ತೊಳೆದುಕೊಂಡೆ. ಮೂವತ್ತು ವರ್ಷ ದೇವರ ಎಡೆಯ ರುಚಿ ನೋಡದವಳು, ಒಂದು ಮೋಸ ಸರಿಯಾಗಿ ಕೂತಿದೆಯೇ ಎಂದು ನೋಡಲು ನಾಲಿಗೆ ಚಾಚಿದೆ. ನಾಚಿಕೆಯಾಯಿತು. ಕೈ ಚೆನ್ನಾಗಿ ಕೂಡಿಬಂದಿದೆ ಎಂಬ ಹೆಮ್ಮೆಯೂ ಆಯಿತು, ಅದನ್ನೂ ಹೇಳಿಬಿಡುತ್ತೇನೆ.

ಇನ್ನೊಂದು ಕೆಲಸ ಬಾಕಿಯಿತ್ತು. ರೈತರು ಮೇಜಿನಲ್ಲಿ ಕೂತರೆ ಮೊದಲ ಗುಟುಕಿಗೇ 'ಇದು ನಂದಲ್ಲ' ಎನ್ನುತ್ತಾರೆ, ಅವರ ನಾಲಿಗೆಯನ್ನು ಮೂರು ವಾರ ನೋಡಿದ್ದೆ. ಫೋನ್ ಮಾಡಿದೆ.

"ಅಣ್ಣ, ನಾಳೆ ಜನ ಜಾಸ್ತಿ ಆಗಿದಾರೆ. ಮೇಜಿಗೆ ಜಾಗ ಇಲ್ಲವಂತೆ. ನೀವು ಬರಬೇಡಿ."



"ಆಯ್ತು ಬಿಡಮ್ಮ. ಒಲೆ ಪಕ್ಕ ನಿಂತ್ಕಂಡಾದ್ರೂ ನೋಡ್ತಿದ್ದೆ. ಇರ್ಲಿ," ಎಂದರು.

ಊಟ ಗೆದ್ದಿತು. ಹೋಟೆಲಿನವರು ಗೊಜ್ಜನ್ನು ಎರಡೆರಡು ಸಲ ಹಾಕಿಸಿಕೊಂಡರು. ವೈನನ್ನು ಹೊಗಳಿದರು. ಯಜಮಾನರು ನನ್ನನ್ನು ಹೊರಗೆ ಕರೆಸಿ ಎಲ್ಲರೆದುರು ಕೈಮುಗಿದರು. ಮ್ಯಾನೇಜರ್ ಚಪ್ಪಾಳೆ ತಟ್ಟಿದರು. ಲ್ಯಾಬಿನವಳು ಅಡುಗೆಮನೆಯಲ್ಲಿ ಒಬ್ಬಳೇ ಮೊಸರನ್ನ ತಿನ್ನುತ್ತಿದ್ದಳು, ನನ್ನ ಮುಖ ನೋಡಲಿಲ್ಲ.

ಗೊಜ್ಜು ಬೆಂಗಳೂರಿಗೆ ಬಾಟಲಿಯ ಜೊತೆ ಹೋಗುವುದಿಲ್ಲ. ಹೋಟೆಲುಗಳಲ್ಲಿ ವೈನನ್ನು ಚೀಸಿನ ಜೊತೆ, ಬೆಣ್ಣೆಯಲ್ಲಿ ಹುರಿದ ಮೀನಿನ ಜೊತೆ ಕೊಟ್ಟರು. ಮೂರನೆಯ ವಾರಕ್ಕೆ ಪೆಟ್ಟಿಗೆಗಳು ಹಿಂದಿರುಗಿ ಬಂದವು. ಅಷ್ಟರಲ್ಲಿ ಹೊಸ ಹಣ್ಣು ಕೊಯ್ಲಿಗೆ ಬಂದಿತ್ತು. ಮ್ಯಾನೇಜರ್ ಯಜಮಾನರಿಗೆ ವರದಿ ಕೊಟ್ಟರು: ಮೇಲೂರಿನವರು ಹೋದ ವರ್ಷ ಕೊಯ್ಲಿಗೆ ಮುಂಚೆ ನೀರು ಹಾಯಿಸಿ ತೂಕ ಹೆಚ್ಚಿಸಿದ್ದರು, ಹಣ್ಣು ಒಡೆದಿತ್ತು, ಅದರಿಂದ ವೈನ್ ಕೆಟ್ಟಿತು. ತಿನ್ನುವ ದ್ರಾಕ್ಷಿಗೆ ಕೊನೆಯ ನೀರು ಕೊಡುವುದು ನಮ್ಮ ಕಡೆ ಹಳೆಯ ರೂಢಿ. ಹೀಗಾಗಿ ಕೇಳಿದವರೆಲ್ಲ ನಂಬಿದರು.

ಲ್ಯಾಬಿನವಳು ದಸರಾ ಹೊತ್ತಿನಲ್ಲಿ ಬರೆದಿಟ್ಟ ಕಾಗದದ ನಕಲು ಹಿಡಿದು ಬಂದಳು.

"ನಾನು ಇದನ್ನ ಕೊಡ್ತೀನಿ ಅಕ್ಕಾ. ನೀವೂ ಒಂದು ಮಾತು ಹೇಳ್ಬೇಕು."

ಹೋದೆವು. ಯಜಮಾನರು ಕಾಗದ ಓದಿ ಮ್ಯಾನೇಜರ್ ಕಡೆ ನೋಡಿದರು. ಲ್ಯಾಬಿನ ಉಪಕರಣ ಆಗ ರಿಪೇರಿಗೆ ಬಂದಿತ್ತು, ಅಂಕಿ ನಂಬಲಾಗದು ಎಂದರು ಮ್ಯಾನೇಜರ್. ಅದೂ ಅಲ್ಲದೆ ಊಟದ ದಿನ ವೈನ್ ಸರಿಯಾಗಿಯೇ ಇತ್ತು, ಅಡುಗೆಯವರನ್ನೇ ಕೇಳಿ ಎಂದರು.

"ಸರಿ ಇತ್ತಾ ಅಮ್ಮ?" ಯಜಮಾನರು ಕೇಳಿದರು.

"ಇರ್ಲಿಲ್ಲ ಸಾರ್. ನಾಲ್ಕು ದಿನ ಮುಂಚೇನೇ ವಾಸನೆ ಬಂದಿತ್ತು. ನಾನೇ ಗೊಜ್ಜು ಮಾಡಿ ಮುಚ್ಚಿದೆ."

ಅವರು ನನ್ನನ್ನೇ ನೋಡಿದರು. ಸಿಟ್ಟಿಗಿಂತ ಹೆಚ್ಚಾಗಿ ಬೇಸರವಿತ್ತು.

"ನೀವು ವೈನ್ ಕುಡಿಯಲ್ಲ ಅಲ್ವಾ?"

"ಇಲ್ಲ ಸಾರ್."

"ಮತ್ತೆ ಹೇಗೆ ಹೇಳ್ತೀರಿ? ಅವತ್ತು ಅಷ್ಟು ಜನ ಕುಡಿದವರು ಚೆನ್ನಾಗಿದೆ ಅಂದ್ರು. ಕುಡಿಯದೇ ಇರೋರು ಇಬ್ರು ಬಂದು ಕೆಟ್ಟಿತ್ತು ಅಂತೀರಿ."

ಸುಳ್ಳು ಕಟ್ಟುವಾಗ ನನ್ನ ಮೂಗಿಗೆ ಕಂಪನಿಯೇ ತಲೆಬಾಗಿತ್ತು. ನಿಜ ಹೇಳಲು ಹೋದಾಗ ಅದೇ ಮೂಗು ಹೆಂಗಸಿನ ಅನುಮಾನವಾಯಿತು. ಒಂದು ಗುಟುಕು ಬಾಯಿಗೆ ಹಾಕಿ ನೋಡಿದ್ದೆ ಎಂದು ಹೇಳಬಹುದಿತ್ತು. ಬಾಯಿ ಏಳಲಿಲ್ಲ. ನೆಂಟರ ಮಾತಿಗೆ ಹೆದರಿದೆನೋ, ಉಗಿದದ್ದನ್ನು ಹೇಗೆ ಹೇಳುವುದೆಂದು ನಾಚಿದೆನೋ, ಇವತ್ತಿಗೂ ನನಗೆ ಗೊತ್ತಿಲ್ಲ. ಅದೇ ಕೊಠಡಿಯಲ್ಲಿ ಮೇಲೂರಿನ ಕರಾರು ರದ್ದಾಯಿತು. ಲ್ಯಾಬಿನವಳು ಆ ತಿಂಗಳ ಕೊನೆಗೆ ಕೆಲಸ ಬಿಟ್ಟಳು. ಮ್ಯಾನೇಜರ್ ಇನ್ನೂ ಇದ್ದಾರೆ. ನಾನೂ ಇದ್ದೇನೆ. ಶನಿವಾರ, ಭಾನುವಾರ ಬರುವ ಬೆಂಗಳೂರಿನವರು ಹೆರಳೆಕಾಯಿ ಗೊಜ್ಜು ಕೇಳಿ ಹಾಕಿಸಿಕೊಳ್ಳುತ್ತಾರೆ.

ಆ ವರ್ಷದ ಇಟಲಿ ಬಿಳಿ ಹಣ್ಣನ್ನು ರೈತರು ಜ್ಯೂಸಿನವರಿಗೆ ಕೊಟ್ಟರೆಂದು ಕೇಳಿದೆ. ಬಿಸಿಲು ಏರಿ ಬಳ್ಳಿಗೆ ಕತ್ತರಿ ಹಾಕುವ ಕಾಲ ಬಂದಾಗ ಮೇಲೂರಿಗೆ ಹೋದೆ. ತೋಟದಲ್ಲಿ ಒಬ್ಬರೇ ಗರಗಸ ಹಿಡಿದು ಬಳ್ಳಿಯ ಮೇಲುಭಾಗವನ್ನು ಕಾಂಡಕ್ಕೇ ಕೊಯ್ದು ಹಾಕುತ್ತಿದ್ದರು. ಅರ್ಧ ತೋಟ ಮೋಟುಗಳಾಗಿ ನಿಂತಿತ್ತು.

"ಬೇರು ಇರ್ಲಿ, ತಲೆ ಮಾತ್ರ ತೆಗೀತಾ ಇವ್ನಿ," ಎಂದರು. "ಚಿಗುರು ಬಂದ್ ಮ್ಯಾಲೆ ಬ್ಲೂ ದ್ರಾಕ್ಷಿ ಕಸಿ ಕಟ್ತೀನಿ. ಅದನ್ನ ಯಾರಾದ್ರೂ ತಗೋತಾರೆ."

ನಿಂತಲ್ಲೇ ಎಲ್ಲವನ್ನೂ ಹೇಳಿದೆ. ಎರಡನೇ ಟ್ಯಾಂಕು, ಗೊಜ್ಜು, ಬೆಲ್ಲ ಹಾಕದ್ದು, ಮೇಜಿನಲ್ಲಿ ಜಾಗವಿದ್ದದ್ದು. ಗರಗಸ ಆಡಿಸುವುದನ್ನು ಅವರು ನಿಲ್ಲಿಸಿದರು. ಕೇಳಿ ಮುಗಿದ ಮೇಲೆ ಹೆಗಲ ಮೇಲಿನ ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಂಡರು.

"ಗೊಜ್ಜಿಗೆ ನಂಗೆ ಬೇಜಾರಿಲ್ಲಮ್ಮ. ಕೆಟ್ ಮಾಲನ್ನ ಒಳ್ಳೇದ್ರ ಕೆಳಗೆ ಹಾಕಿ ಮಾರೋದು ಸಂತೇಲಿ ಎಲ್ರೂ ಮಾಡ್ತಾರೆ. ಆದ್ರೆ ನನ್ ಹಣ್ಣು ಎಂಗಿತ್ತು ಅಂತ ಅಲ್ಲಿ ಹೇಳಾಕೆ ಇದ್ದೋನು ನಾನೊಬ್ನೇ. ನನ್ನೇ ಬರಬ್ಯಾಡ ಅಂದ್ರಲ್ಲ."

"ನಿಮ್ಮ ತೋಟ ಉಳೀಲಿ ಅಂತ ಅಣ್ಣ..."

"ನನ್ ತೋಟ. ನನ್ನ ಒಂದ್ ಮಾತು ಕೇಳ್ಬೋದಿತ್ತು."

ಅವರು ಮುಂದಿನ ಬಳ್ಳಿಗೆ ಹೋದರು. ಅದು ದಪ್ಪಗಿತ್ತು, ತಂತಿಯ ಎರಡು ಕಡೆಗೂ ಕೈ ಚಾಚಿ ಭಾರವಾಗಿ ಜಗ್ಗುತ್ತಿತ್ತು. ಗರಗಸ ಇಟ್ಟು, ನನ್ನ ಕಡೆ ನೋಡದೆಯೇ ಹೇಳಿದರು:

"ಆ ಕಡೆ ರೆಂಬೆ ಸ್ವಲ್ಪ ಎತ್ತಿ ಹಿಡ್ಕಳಿ. ಇಲ್ದಿದ್ರೆ ತೊಗಟೆ ಸೀಳ್ಕಂಡ್ ಹೋಯ್ತದೆ."

ಚೀಲ ಕೆಳಗಿಟ್ಟು, ಎರಡೂ ಕೈಯಲ್ಲಿ ಎತ್ತಿ ಹಿಡಿದುಕೊಂಡೆ. ಅವರು ಕೊಯ್ದರು.